2,14,74,83,647 ಅವಿಭಾಜ್ಯ ಅಂತ ಗೊತ್ತಾಗಿದ್ದು ಹೇಗೆ?

ಒಂದು ಹಾಳೆ ತಗೊಂಡು 1 ಅಂತ ಬರೆಯಿರಿ. ಅದನ್ನು ಇಮ್ಮಡಿ ಮಾಡಿ, 2 ಆಗುತ್ತದೆ. ಮತ್ತೆ ಇಮ್ಮಡಿ ಮಾಡಿ, 4. ಆಮೇಲೆ 8, 16, 32, 64. ಹತ್ತನೇ ಸಲಕ್ಕೆ 1024 ಬರುತ್ತದೆ, ಇಪ್ಪತ್ತನೇ ಸಲಕ್ಕೆ ಹತ್ತು ಲಕ್ಷ ದಾಟುತ್ತದೆ, ಮೂವತ್ತನೇ ಸಲಕ್ಕೆ ನೂರು ಕೋಟಿ ದಾಟುತ್ತದೆ. ಮೂವತ್ತೊಂದನೇ ಸಲಕ್ಕೆ ನಿಲ್ಲಿಸಿ. ಲೆಕ್ಕ ತಪ್ಪಿಲ್ಲದಿದ್ದರೆ ಕೊನೆಯ ಸಾಲಿನಲ್ಲಿ 2,14,74,83,648 ಇರುತ್ತದೆ. ಈಗ ಅದರಿಂದ ಒಂದೇ ಒಂದು ಕಳೆಯಿರಿ.

2,14,74,83,647. ಇನ್ನೂರ ಹದಿನಾಲ್ಕು ಕೋಟಿ ಎಪ್ಪತ್ತನಾಲ್ಕು ಲಕ್ಷ ಎಂಬತ್ತಮೂರು ಸಾವಿರದ ಆರುನೂರ ನಲವತ್ತೇಳು. ಗಣಿತದವರು ಇದನ್ನು 2³¹ − 1 ಅಂತ ಬರೆಯುತ್ತಾರೆ. ಇದು ಅವಿಭಾಜ್ಯ ಸಂಖ್ಯೆ. ಅಂದರೆ 1 ಮತ್ತು ತನ್ನನ್ನು ಬಿಟ್ಟರೆ ಬೇರೆ ಯಾವ ಸಂಖ್ಯೆಯಿಂದಲೂ ಇದು ಶೇಷವಿಲ್ಲದೆ ಭಾಗವಾಗುವುದಿಲ್ಲ.

13 ಅವಿಭಾಜ್ಯ ಅಂದರೆ ಯಾರು ಬೇಕಾದರೂ ಒಪ್ಪುತ್ತಾರೆ, ಮಗ್ಗಿ ನೆನಪು ಮಾಡಿಕೊಂಡರೆ ಸಾಕು. 214 ಕೋಟಿಯ ಸಂಖ್ಯೆಯ ಬಗ್ಗೆ ಅಷ್ಟು ಗಟ್ಟಿಯಾಗಿ ಹೇಳೋದು ಹೇಗೆ? ಕಂಪ್ಯೂಟರ್ ಇದೆಯಲ್ಲ ಅನ್ನಬಹುದು. ಆದರೆ ಇದು ಅವಿಭಾಜ್ಯ ಅಂತ ತೀರ್ಮಾನ ಆಗಿದ್ದು 1772ರಲ್ಲಿ. ತೀರ್ಮಾನ ಮಾಡಿದವರು ಗಣಿತಜ್ಞ ಲಿಯೊನ್‌ಹಾರ್ಡ್ ಆಯ್ಲರ್. ಆಗ ಅವರು ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿದ್ದರು, ವಯಸ್ಸು 65ರ ಹತ್ತಿರ. ಹಿಂದಿನ ವರ್ಷವಷ್ಟೇ ಊರಿಗೆ ಬಿದ್ದ ಬೆಂಕಿಯಲ್ಲಿ ಅವರ ಮನೆ ಸುಟ್ಟುಹೋಗಿತ್ತು. ಕಣ್ಣು ಹೆಚ್ಚು ಕಡಿಮೆ ಪೂರ್ತಿ ಹೋಗಿತ್ತು. ಬರ್ನೂಲಿ ಮನೆತನದವರೊಬ್ಬರಿಗೆ ಅವರು ಬರೆದ ಪತ್ರದಲ್ಲಿ ಈ ಸಂಖ್ಯೆಯ ವಿಷಯ ಬರುತ್ತದೆ, ಆ ಪತ್ರ ಬರ್ಲಿನ್ ಅಕಾಡೆಮಿಯ 1772ರ ಸಂಪುಟದಲ್ಲಿ ಅಚ್ಚಾಯಿತು.

ಕಣ್ಣು ಕಾಣದವರು ಇಷ್ಟು ದೊಡ್ಡ ಭಾಗಾಕಾರಗಳನ್ನು ಮಾಡಿದ್ದು ಹೇಗೆ ಅನ್ನೋದಕ್ಕಿಂತ ನನಗೆ ಜಾಸ್ತಿ ಇಷ್ಟವಾಗೋದು ಅವರು ಎಷ್ಟು ಭಾಗಾಕಾರ ಮಾಡದೆ ಬಿಟ್ಟರು ಅನ್ನೋದು. ಈ ಲೇಖನದ ಮುಖ್ಯ ವಿಷಯವೂ ಅದೇ.

ಮೊದಲು ದಡ್ಡ ದಾರಿ ನೋಡೋಣ. ಒಂದು ಸಂಖ್ಯೆಗೆ ಅಪವರ್ತನಗಳಿದ್ದರೆ ಅವು ಜೋಡಿಯಾಗಿ ಬರುತ್ತವೆ, ಜೋಡಿಯಲ್ಲಿ ಚಿಕ್ಕದು ವರ್ಗಮೂಲಕ್ಕಿಂತ ದೊಡ್ಡದಿರಲು ಆಗುವುದಿಲ್ಲ. ನಮ್ಮ ಸಂಖ್ಯೆಯ ವರ್ಗಮೂಲ 46,340ಕ್ಕೆ ಸ್ವಲ್ಪ ಮೇಲೆ. ಹಾಗಾಗಿ 46,340ರವರೆಗಿನ ಎಲ್ಲ ಅವಿಭಾಜ್ಯಗಳಿಂದ ಭಾಗಿಸಿ ನೋಡಿದರೆ ಸಾಕು. ಸಾಕು ಅಂದೆ, ಆದರೆ ಅಂಥವು ಸುಮಾರು 4,800 ಇವೆ. ಹತ್ತು ಅಂಕಿಯ ಸಂಖ್ಯೆಯನ್ನು ಐದು ಅಂಕಿಯ ಸಂಖ್ಯೆಯಿಂದ ಕೈಯಲ್ಲಿ ಭಾಗಿಸೋಕೆ ಐದು ನಿಮಿಷ ಅಂತ ಇಟ್ಟುಕೊಂಡರೂ 400 ಗಂಟೆ ಬೇಕು. ಜೊತೆಗೆ 46,340ರವರೆಗಿನ ಅವಿಭಾಜ್ಯಗಳ ಪಟ್ಟಿ ಕೈಯಲ್ಲಿರಬೇಕು.

ಆಯ್ಲರ್‌ಗಿಂತ ಸುಮಾರು ಇನ್ನೂರು ವರ್ಷ ಮೊದಲು, 1588ರಲ್ಲಿ, ಇಟಲಿಯ ಪಿಯೆತ್ರೊ ಕತಾಲ್ದಿ ಇದೇ ದಾರಿಯಲ್ಲಿ 2¹⁷ − 1 ಮತ್ತು 2¹⁹ − 1 ಎರಡೂ ಅವಿಭಾಜ್ಯ ಅಂತ ತೋರಿಸಿದ್ದರು. ಎರಡನೆಯದು 5,24,287. ಅದರ ವರ್ಗಮೂಲ 724. ಕತಾಲ್ದಿ 750ರವರೆಗಿನ ಅವಿಭಾಜ್ಯಗಳ ಪಟ್ಟಿ ಮಾಡಿಕೊಂಡು ಒಂದೊಂದರಿಂದಲೂ ಭಾಗಿಸಿ ನೋಡಿದರು. ತುಂಬಾ ತಾಳ್ಮೆಯ ಕೆಲಸ. ಆದರೆ ಅಲ್ಲಿಗೆ ನಿಲ್ಲಿಸದೆ 23, 29, 31, 37 ಈ ಘಾತಗಳಿಗೂ ಅವಿಭಾಜ್ಯವೇ ಬರುತ್ತದೆ ಅಂದುಬಿಟ್ಟರು. ನಾಲ್ಕರಲ್ಲಿ ಮೂರು ತಪ್ಪು, 31 ಒಂದೇ ಸರಿ. 23 ಮತ್ತು 37 ತಪ್ಪು ಅಂತ ಫ್ರಾನ್ಸಿನ ಗಣಿತಜ್ಞ ಫರ್ಮಾ 1640ರಲ್ಲಿ ತೋರಿಸಿದರು, 29 ತಪ್ಪು ಅಂತ ಆಯ್ಲರ್ 1738ರಲ್ಲಿ ತೋರಿಸಿದರು.

ನಡುವೆ 1644ರಲ್ಲಿ ಪ್ಯಾರಿಸ್‌ನ ಪಾದ್ರಿ ಮರೆನ್ ಮೆರ್ಸೆನ್ ಒಂದು ಪಟ್ಟಿ ಕೊಟ್ಟರು. 2ರ ಘಾತ 2, 3, 5, 7, 13, 17, 19, 31, 67, 127, 257 ಇದ್ದಾಗ ಮಾತ್ರ (257ರವರೆಗೆ) ಒಂದು ಕಳೆದರೆ ಅವಿಭಾಜ್ಯ ಸಿಗುತ್ತದೆ ಅಂತ. ಇದರಲ್ಲೂ 67 ಮತ್ತು 257 ತಪ್ಪು, 61, 89, 107 ಬಿಟ್ಟುಹೋಗಿದ್ದವು. ಆದರೂ ಇಂಥ ಅವಿಭಾಜ್ಯಗಳಿಗೆ ಅವರ ಹೆಸರೇ ಉಳಿಯಿತು. ನಮ್ಮದು ಎಂಟನೇ ಮೆರ್ಸೆನ್ ಅವಿಭಾಜ್ಯ.

ಘಾತ ಕೂಡ ಅವಿಭಾಜ್ಯ ಆಗಿರಲೇಬೇಕು ಅನ್ನೋದನ್ನು ಇಲ್ಲೇ ಹೇಳಿಬಿಡುತ್ತೇನೆ. ದ್ವಿಮಾನದಲ್ಲಿ, ಅಂದರೆ ಬರೀ 0 ಮತ್ತು 1 ಬಳಸಿ ಬರೆದರೆ, 2⁶ − 1 ಅನ್ನೋದು 111111. ಇದನ್ನು 111, 111 ಅಂತ ಮೂರು ಮೂರರ ಎರಡು ಗುಂಪಾಗಿ ಒಡೆಯಬಹುದು ಅಲ್ವಾ? ಹಾಗಾದರೆ ಅದು 111ರಿಂದ, ಅಂದರೆ 7ರಿಂದ ಭಾಗವಾಗಲೇಬೇಕು. ನಮ್ಮ ಸಾಧಾರಣ ಲೆಕ್ಕದಲ್ಲಿ 777777 ಅನ್ನೋದು 777ರಿಂದ ಭಾಗವಾಗುವ ಹಾಗೇ ಇದು. ನಮ್ಮ ಸಂಖ್ಯೆಯಲ್ಲಿರೋದು ಸಾಲಾಗಿ 31 ಒಂದುಗಳು. ಮೂವತ್ತೊಂದನ್ನು ಸಮನಾದ ಗುಂಪುಗಳಾಗಿ ಒಡೆಯಲು ಆಗುವುದಿಲ್ಲ, ಹಾಗಾಗಿ ಈ ಸುಲಭದ ಅಪವರ್ತನ ಸಿಗುವುದಿಲ್ಲ. ಇನ್ನೊಂದು 1 ಸೇರಿಸಿ ನೋಡಿ, 2³² − 1 ಆಗುತ್ತದೆ. ಅದು 3 × 5 × 17 × 257 × 65537 ಅಂತ ಚೂರು ಚೂರಾಗುತ್ತದೆ. ಪಕ್ಕದ ಮನೆಯಲ್ಲೇ ಇಷ್ಟು ವ್ಯತ್ಯಾಸ.

ಆದರೆ ಘಾತ ಅವಿಭಾಜ್ಯ ಆದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. 11 ಅವಿಭಾಜ್ಯವೇ, ಆದರೂ 2¹¹ − 1 = 2047 = 23 × 89. ಈ 23 ಮತ್ತು 89 ಅನ್ನು ಸ್ವಲ್ಪ ದಿಟ್ಟಿಸಿ ನೋಡಿ. 23 ಅಂದರೆ 22ಕ್ಕಿಂತ ಒಂದು ಜಾಸ್ತಿ. 89 ಅಂದರೆ 88ಕ್ಕಿಂತ ಒಂದು ಜಾಸ್ತಿ, 88 ಅನ್ನೋದು 22 ನಾಲ್ಕಲ. ಎರಡೂ 22ರ ಮಗ್ಗಿಗೆ ಒಂದು ಕೂಡಿಸಿದ ಸಂಖ್ಯೆಗಳೇ. 22 ಅಂದರೆ 11ರ ಎರಡರಷ್ಟು. ಇದು ಕಾಕತಾಳೀಯ ಅಲ್ಲ.

ಯಾಕೆ ಅಂತ ನೋಡೋಕೆ 23ರ ಜೊತೆ ಒಂದು ಆಟ ಆಡಿ. 1ರಿಂದ ಶುರು ಮಾಡಿ ಇಮ್ಮಡಿ ಮಾಡುತ್ತಾ ಹೋಗಿ, 23 ದಾಟಿದ ಕೂಡಲೇ 23 ಕಳೆದುಬಿಡಿ. 1, 2, 4, 8, 16, ಆಮೇಲೆ 32ರ ಬದಲು 9, ಆಮೇಲೆ 18, 13, 3, 6, 12, ಮತ್ತೆ 24ರ ಬದಲು 1. ಹನ್ನೊಂದು ಹೆಜ್ಜೆಗೆ ಶುರು ಮಾಡಿದ ಜಾಗಕ್ಕೇ ವಾಪಸ್ ಬಂದೆವು. ಬರಲೇಬೇಕಿತ್ತು, ಯಾಕೆಂದರೆ 23 ಅನ್ನೋದು 2047ರ ಅಪವರ್ತನ, ಅಂದರೆ 2048ನ್ನು 23ರಿಂದ ಭಾಗಿಸಿದರೆ ಶೇಷ 1. ಈಗ ಈ ಸುತ್ತಿನಲ್ಲಿ ಬಾರದ ಒಂದು ಸಂಖ್ಯೆ ತಗೊಳ್ಳಿ, ಉದಾಹರಣೆಗೆ 5. ಅದನ್ನೂ ಹಾಗೇ ಇಮ್ಮಡಿ ಮಾಡಿ: 5, 10, 20, 17, 11, 22, 21, 19, 15, 7, 14, ಮತ್ತೆ 5. ಇದೂ ಹನ್ನೊಂದು. ಎರಡು ಸುತ್ತು ಸೇರಿಸಿದರೆ 1ರಿಂದ 22ರವರೆಗಿನ ಎಲ್ಲ ಸಂಖ್ಯೆಗಳೂ ಬಂದವು, ಒಂದೂ ಬಿಟ್ಟುಹೋಗಿಲ್ಲ, ಒಂದೂ ಎರಡು ಸಲ ಬಂದಿಲ್ಲ.

ಗುಟ್ಟು ಇಷ್ಟೇ. (2ನ್ನು ಬಿಟ್ಟು) ಯಾವುದೇ ಅವಿಭಾಜ್ಯ ತಗೊಂಡರೂ 1ರಿಂದ ಹಿಡಿದು ಅದಕ್ಕಿಂತ ಒಂದು ಕಡಿಮೆಯವರೆಗಿನ ಸಂಖ್ಯೆಗಳು ಹೀಗೆ ಒಂದೇ ಉದ್ದದ ಸುತ್ತುಗಳಾಗಿ ಹಂಚಿಹೋಗುತ್ತವೆ. ಆದ್ದರಿಂದ ಆ ಅವಿಭಾಜ್ಯದಿಂದ ಒಂದು ಕಳೆದರೆ ಸಿಗೋದು ಸುತ್ತಿನ ಉದ್ದದ ಮಗ್ಗಿಯಲ್ಲಿ ಇರಲೇಬೇಕು.

ಈಗ ನಮ್ಮ ದೊಡ್ಡ ಸಂಖ್ಯೆಗೆ ಬನ್ನಿ. ಅದಕ್ಕೆ ಯಾವುದೋ ಒಂದು ಅವಿಭಾಜ್ಯ ಅಪವರ್ತನ ಇದೆ ಅಂತ ಇಟ್ಟುಕೊಳ್ಳೋಣ. ಆಗ 31 ಸಲ ಇಮ್ಮಡಿ ಮಾಡಿದರೆ 1ಕ್ಕೆ ವಾಪಸ್ ಬರಬೇಕು. ಸುತ್ತಿನ ಉದ್ದ 31ನ್ನು ಭಾಗಿಸಬೇಕು, 31 ಅವಿಭಾಜ್ಯ, ಹಾಗಾಗಿ ಉದ್ದ 1 ಅಥವಾ 31. ಒಂದೇ ಹೆಜ್ಜೆಗೆ 1ರಿಂದ 1ಕ್ಕೆ ಬರಲು ಆಗುವುದಿಲ್ಲ, ಆಗ 2 ಮತ್ತು 1 ಒಂದೇ ಆಗಬೇಕಾಗುತ್ತದೆ. ಉಳಿದಿದ್ದು 31. ಅಂದರೆ ಆ ಅಪವರ್ತನ 31ರ ಮಗ್ಗಿಗಿಂತ ಒಂದು ಜಾಸ್ತಿ. ಅದು ಬೆಸ ಸಂಖ್ಯೆಯೂ ಹೌದು, ಆದ್ದರಿಂದ 62ರ ಮಗ್ಗಿಗಿಂತ ಒಂದು ಜಾಸ್ತಿ. 63, 125, 187, 249, 311... ಇವುಗಳಲ್ಲಿ ಮಾತ್ರ ಹುಡುಕಬೇಕು. 7ರಿಂದ ಭಾಗವಾಗುತ್ತಾ, 13ರಿಂದ ಆಗುತ್ತಾ, 101ರಿಂದ ಆಗುತ್ತಾ ಅಂತ ನೋಡುವ ಅಗತ್ಯವೇ ಇಲ್ಲ. ಭಾಗಿಸದೆಯೇ ಗೊತ್ತು, ಆಗಲ್ಲ.

ಆಯ್ಲರ್ ಇಲ್ಲಿಗೂ ನಿಲ್ಲಿಸಲಿಲ್ಲ. ಅದೇ ಕಾಲ್ಪನಿಕ ಅಪವರ್ತನಕ್ಕೆ 2³¹ರ ಶೇಷ 1 ಆದರೆ, ಇನ್ನೊಂದು ಸಲ ಇಮ್ಮಡಿ ಮಾಡಿದ 2³²ರ ಶೇಷ 2. ಆದರೆ 2³² ಅನ್ನೋದು 65,536ರ ವರ್ಗ. ಅಂದರೆ ಒಂದು ವರ್ಗ ಸಂಖ್ಯೆಯನ್ನು ಭಾಗಿಸಿದಾಗ ಶೇಷ 2 ಉಳಿಯುತ್ತಿದೆ. ಎಲ್ಲ ಅವಿಭಾಜ್ಯಗಳಿಗೂ ಇದು ಸಾಧ್ಯವಿಲ್ಲ. 7ಕ್ಕೆ ಆಗುತ್ತದೆ: 3 × 3 = 9, ಶೇಷ 2. 17ಕ್ಕೆ ಆಗುತ್ತದೆ: 6 × 6 = 36, ಶೇಷ 2. 23ಕ್ಕೂ ಆಗುತ್ತದೆ, 5 × 5 = 25. ಆದರೆ 5, 11, 13ಕ್ಕೆ ಎಷ್ಟು ಹುಡುಕಿದರೂ ಸಿಗುವುದಿಲ್ಲ. ನಿಯಮ ಏನೆಂದರೆ, 8ರ ಮಗ್ಗಿಗಿಂತ ಒಂದು ಜಾಸ್ತಿ ಅಥವಾ ಒಂದು ಕಡಿಮೆ ಇರುವ ಅವಿಭಾಜ್ಯಗಳಿಗೆ ಮಾತ್ರ (2ನ್ನು ಬಿಟ್ಟು) ಹೀಗೆ ಶೇಷ 2 ಬರುವ ವರ್ಗ ಸಿಗುತ್ತದೆ. ಇದರ ಪುರಾವೆ ಸ್ವಲ್ಪ ಉದ್ದ, ಇಲ್ಲಿ ಬೇಡ. ನೀವೇ 41ರವರೆಗೆ ಪರೀಕ್ಷೆ ಮಾಡಿ ನೋಡಿ, ಮಜಾ ಇದೆ.

ಎರಡೂ ಜರಡಿ ಹಿಡಿದರೆ ಉಳಿಯೋದು ಎರಡೇ ಬಗೆಯ ಸಂಖ್ಯೆಗಳು. 248ರ ಮಗ್ಗಿಗೆ 1 ಕೂಡಿಸಿದವು, 248ರ ಮಗ್ಗಿಗೆ 63 ಕೂಡಿಸಿದವು. 46,340ರವರೆಗೆ ಮೊದಲ ಬಗೆಯಲ್ಲಿ 186 ಇವೆ, ಎರಡನೇ ಬಗೆಯಲ್ಲಿ 311ರಿಂದ ಶುರುವಾಗಿ ಇನ್ನೂ 186. ಒಟ್ಟು 372. ಇವುಗಳಲ್ಲೂ 249 = 3 × 83, 497 = 7 × 71, 559 = 13 × 43 ಇಂಥವೇ ಬಹಳ, ಇವು ಅವಿಭಾಜ್ಯವೇ ಅಲ್ಲ, ಬಿಟ್ಟುಬಿಡಬಹುದು. ನಿಜವಾಗಿ ಭಾಗಿಸಿ ನೋಡಬೇಕಾದ ಅವಿಭಾಜ್ಯಗಳು ಎಂಬತ್ತರ ಆಸುಪಾಸಿನಲ್ಲಿವೆ. ಮೊದಲನೆಯದು 311, ಆಮೇಲೆ 1303, ಆಮೇಲೆ 1489. ಎರಡು ಮತ್ತು ಮುನ್ನೂರ ಹನ್ನೊಂದರ ನಡುವೆ ಇರುವ ಒಂದೇ ಒಂದು ಅವಿಭಾಜ್ಯವನ್ನೂ ಮುಟ್ಟಬೇಕಾಗಿಲ್ಲ!

311ನ್ನು ಒಂದು ಸಲ ಕೈಯಾರೆ ನೋಡೋಣ, ಇಲ್ಲೂ ಪೂರ್ತಿ ಭಾಗಾಕಾರ ಬೇಡ. 2³¹ನ್ನು 311ರಿಂದ ಭಾಗಿಸಿದರೆ ಶೇಷ 1 ಬರುತ್ತಾ ಅಂತ ನೋಡಿದರೆ ಸಾಕು. 2⁸ = 256, ಅದು 311ಕ್ಕಿಂತ 55 ಕಡಿಮೆ, ಆದ್ದರಿಂದ −55 ಅಂತ ಇಟ್ಟುಕೊಳ್ಳಿ. ಅದನ್ನು ವರ್ಗ ಮಾಡಿದರೆ 3025, 311ರ ಹತ್ತರಷ್ಟು ಕಳೆದರೆ −85. ಇದು 2¹⁶. −85 ಮತ್ತು −55 ಗುಣಿಸಿದರೆ 4675, ಅದರಿಂದ 311ರ ಹದಿನೈದರಷ್ಟು ಕಳೆದರೆ ಬರೀ 10. ಇದು 2²⁴. ಇನ್ನು ಏಳು ಸಲ ಇಮ್ಮಡಿ ಮಾಡಬೇಕು, ಅಂದರೆ 128ರಿಂದ ಗುಣಿಸಬೇಕು: 1280, ಅದರಿಂದ 1244 ಕಳೆದರೆ 36. ನಮಗೆ ಬೇಕಿದ್ದಿದ್ದು 1, ಬಂದಿದ್ದು 36. ಹಾಗಾದರೆ 311 ನಮ್ಮ ಸಂಖ್ಯೆಯ ಅಪವರ್ತನ ಅಲ್ಲ. ನಾಲ್ಕು ಸಾಲಿನ ಲೆಕ್ಕ. ಇದನ್ನು ಮೊದಲ ಸಲ ನೋಟ್‌ಬುಕ್ಕಿನಲ್ಲಿ ಮಾಡಿ ಆ 36 ಬಂದಾಗ ನನಗೆ ಆದ ಖುಷಿ ಹೇಳಲಾರೆ, 214 ಕೋಟಿಯ ಸಂಖ್ಯೆಯನ್ನು ಒಮ್ಮೆಯೂ ಬರೆಯದೆ ಅದರ ಬಗ್ಗೆ ಒಂದು ಸತ್ಯ ಕೈಗೆ ಸಿಕ್ಕಿತ್ತು.

ಮಿಕ್ಕವನ್ನೂ ಹೀಗೆ ನೋಡಿ ಯಾವುದೂ ಭಾಗಿಸುವುದಿಲ್ಲ ಅಂತ ಖಚಿತ ಮಾಡಿಕೊಂಡ ಮೇಲೆ ಆಯ್ಲರ್ ಇದು ಅವಿಭಾಜ್ಯ ಅಂತ ಸಾರಿದರು. ಮುಂದೆ ಸುಮಾರು ಎಂಟು ದಶಕ ಜಗತ್ತಿಗೆ ಗೊತ್ತಿದ್ದ ಅತಿ ದೊಡ್ಡ ಅವಿಭಾಜ್ಯ ಇದೇ ಆಗಿತ್ತು.

ಇದರ ಜೊತೆಗೇ ಇನ್ನೊಂದು ಸಂಖ್ಯೆಯೂ ಸಿಕ್ಕಿತು. 6ರ ಅಪವರ್ತನಗಳು (ತನ್ನನ್ನು ಬಿಟ್ಟು) 1, 2, 3, ಕೂಡಿಸಿದರೆ 6. ಇಂಥದಕ್ಕೆ ಪರಿಪೂರ್ಣ ಸಂಖ್ಯೆ ಅನ್ನುತ್ತಾರೆ. ಮುಂದಿನವು 28, 496, 8128. 496ನ್ನು ಬಿಡಿಸಿ ನೋಡಿ: ಅದು 16 × 31. ಅಪವರ್ತನಗಳು ಎರಡು ಸಾಲಾಗಿ ನಿಲ್ಲುತ್ತವೆ. 1, 2, 4, 8, 16 ಒಂದು ಸಾಲು, 31, 62, 124, 248 ಇನ್ನೊಂದು ಸಾಲು. ಮೊದಲ ಸಾಲಿನ ಮೊತ್ತ 31, ಎರಡನೆಯದರದ್ದು 465, ಒಟ್ಟು 496. ಇದು ಕೂಡಿಬರಲು ಕಾರಣ ಆ 'ಒಂದು ಕಡಿಮೆ'. ಇಮ್ಮಡಿಗಳನ್ನು 1ರಿಂದ ಕೂಡಿಸುತ್ತಾ ಹೋದರೆ ಯಾವಾಗಲೂ ಮುಂದಿನ ಇಮ್ಮಡಿಗಿಂತ ಒಂದು ಕಡಿಮೆ ಬರುತ್ತದೆ, ಆ ಒಂದು ಕಡಿಮೆಯ ಸಂಖ್ಯೆ ಅವಿಭಾಜ್ಯ ಆಗಿದ್ದರೆ ಬೇರೆ ಯಾವ ಅಪವರ್ತನವೂ ಮಧ್ಯೆ ನುಸುಳಿ ಮೊತ್ತ ಕೆಡಿಸುವುದಿಲ್ಲ. ಇದು ಯೂಕ್ಲಿಡ್ ಕಾಲದಿಂದಲೂ ಗೊತ್ತಿದ್ದ ವಿಷಯ. ಸಮ ಸಂಖ್ಯೆಗಳಲ್ಲಿ ಪರಿಪೂರ್ಣವಾದವು ಎಲ್ಲವೂ ಹೀಗೇ ಹುಟ್ಟಬೇಕು, ಬೇರೆ ದಾರಿ ಇಲ್ಲ ಅಂತ ತೋರಿಸಿದವರು ಮತ್ತೆ ಆಯ್ಲರ್. ನಮ್ಮ ಸಂಖ್ಯೆಯನ್ನು 2³⁰ರಿಂದ ಗುಣಿಸಿದರೆ 23,05,84,30,08,13,99,52,128 ಬರುತ್ತದೆ. ಇದು ಎಂಟನೇ ಪರಿಪೂರ್ಣ ಸಂಖ್ಯೆ.

1811ರಲ್ಲಿ ಇಂಗ್ಲೆಂಡಿನ ಪೀಟರ್ ಬಾರ್ಲೊ ಅನ್ನುವ ಗಣಿತಜ್ಞ, ಇದಕ್ಕಿಂತ ದೊಡ್ಡ ಪರಿಪೂರ್ಣ ಸಂಖ್ಯೆಯನ್ನು ಯಾರೂ ಯಾವತ್ತೂ ಕಂಡುಹಿಡಿಯಲಿಕ್ಕಿಲ್ಲ, ಯಾಕೆಂದರೆ ಇವು ಕುತೂಹಲಕ್ಕಷ್ಟೇ, ಉಪಯೋಗವೇನೂ ಇಲ್ಲ, ಅದಕ್ಕಾಗಿ ಕಷ್ಟಪಡುವವರು ಯಾರು ಅನ್ನುವ ಅರ್ಥದಲ್ಲಿ ಬರೆದರು. ಅವರ ಕಾಲಕ್ಕೆ ಅದು ಸಹಜವಾದ ಮಾತೇ. ಆದರೆ ಕುತೂಹಲ ಎಷ್ಟು ದೂರ ಹೋಗಬಲ್ಲದು ಅನ್ನೋದನ್ನು ಅವರು ಕಡಿಮೆ ಅಂದಾಜು ಮಾಡಿದ್ದರು.

1876ರಲ್ಲಿ ಫ್ರಾನ್ಸಿನ ಎದುಆರ್ ಲ್ಯೂಕಾ 2¹²⁷ − 1 ಅವಿಭಾಜ್ಯ ಅಂತ ತೋರಿಸಿದರು. ಅದು 39 ಅಂಕಿಯ ಸಂಖ್ಯೆ. ಭಾಗಿಸಿ ನೋಡುವ ದಾರಿ ಅಲ್ಲಿ ನಡೆಯುವುದೇ ಇಲ್ಲ, ಎಷ್ಟು ಜರಡಿ ಹಿಡಿದರೂ. ಲ್ಯೂಕಾ ಭಾಗಿಸಲೇ ಇಲ್ಲ. ಅವರ ವಿಧಾನವನ್ನು 1930ರಲ್ಲಿ ಅಮೆರಿಕದ ಡೆರಿಕ್ ಲೇಮರ್ ಇನ್ನಷ್ಟು ಚೊಕ್ಕ ಮಾಡಿದರು. ಮಾಡಬೇಕಾದದ್ದು ಇಷ್ಟು: 4ರಿಂದ ಶುರು ಮಾಡಿ, ವರ್ಗ ಮಾಡಿ, 2 ಕಳೆಯಿರಿ, ಪರೀಕ್ಷಿಸುವ ಸಂಖ್ಯೆಯಿಂದ ಭಾಗಿಸಿ ಶೇಷ ಇಟ್ಟುಕೊಳ್ಳಿ, ಮತ್ತೆ ಅದನ್ನೇ ವರ್ಗ ಮಾಡಿ. ಘಾತಕ್ಕಿಂತ ಎರಡು ಕಡಿಮೆ ಸಲ ಹೀಗೆ ಮಾಡಿದ ಮೇಲೆ ಶೇಷ 0 ಬಂದರೆ ಅವಿಭಾಜ್ಯ, ಇಲ್ಲದಿದ್ದರೆ ಅಲ್ಲ. 127ಕ್ಕೆ, ಅಂದರೆ 2⁷ − 1ಕ್ಕೆ, ಐದು ಹೆಜ್ಜೆ: 4, 14, 194ರ ಬದಲು 67, ಆಮೇಲೆ 42, ಆಮೇಲೆ 111, ಆಮೇಲೆ 111ರ ವರ್ಗದಿಂದ ಎರಡು ಕಳೆದರೆ 12,319, ಅದು ಸರಿಯಾಗಿ 127 × 97. ಶೇಷ 0. ನಮ್ಮ 214 ಕೋಟಿಗೆ ಬರೀ 29 ಹೆಜ್ಜೆ ಸಾಕು. ಸುಮಾರು ಎಂಬತ್ತು ಭಾಗಾಕಾರ ಎಲ್ಲಿ, 29 ಹೆಜ್ಜೆ ಎಲ್ಲಿ!

ದೊಡ್ಡ ಅವಿಭಾಜ್ಯಗಳ ದಾಖಲೆ ಮುರಿಯುವವರು ಇವತ್ತಿಗೂ ಮೆರ್ಸೆನ್ ಸಂಖ್ಯೆಗಳ ಹಿಂದೆಯೇ ಹೋಗೋದು ಈ ಪರೀಕ್ಷೆಯ ಕಾರಣಕ್ಕೇ. 2024ರ ಅಕ್ಟೋಬರ್‌ನಲ್ಲಿ ಲ್ಯೂಕ್ ಡ್ಯುರಂಟ್ ಮೆರ್ಸೆನ್ ಅವಿಭಾಜ್ಯಗಳನ್ನು ಹುಡುಕುವ ಗಿಂಪ್ಸ್ ಯೋಜನೆಯ ಮೂಲಕ ಕಂಡುಹಿಡಿದ ಅವಿಭಾಜ್ಯ 2ರ ಘಾತ 13,62,79,841ಕ್ಕಿಂತ ಒಂದು ಕಡಿಮೆ. ಅದರಲ್ಲಿರುವ ಅಂಕಿಗಳ ಸಂಖ್ಯೆಯೇ 4,10,24,320.

ಈಗ ಉಪಯೋಗದ ಮಾತು. ಪ್ರೋಗ್ರಾಮಿಂಗ್ ಮಾಡುವವರು ಈ ಲೇಖನದ ಶೀರ್ಷಿಕೆ ನೋಡಿದ ಕೂಡಲೇ ಸಂಖ್ಯೆಯನ್ನು ಗುರುತು ಹಿಡಿದಿರುತ್ತಾರೆ. ಕಂಪ್ಯೂಟರ್ ಒಳಗೆ 0 ಅಥವಾ 1 ಕೂರುವ ಒಂದೊಂದು ಜಾಗಕ್ಕೆ ಬಿಟ್ ಅನ್ನುತ್ತಾರೆ. 32 ಬಿಟ್‌ನಲ್ಲಿ ಒಂದು ಪ್ಲಸ್ಸೋ ಮೈನಸ್ಸೋ ಅನ್ನೋದಕ್ಕೆ ಹೋದರೆ 31 ಉಳಿಯುತ್ತವೆ, ಎಲ್ಲದರಲ್ಲೂ 1 ತುಂಬಿದರೆ ಸಿಗುವ ಅತಿ ದೊಡ್ಡ ಸಂಖ್ಯೆ ಇದೇ. ಇನ್ನೊಂದು ಕೂಡಿಸಿದರೆ ಸಾಧಾರಣವಾಗಿ −2,14,74,83,648ಕ್ಕೆ ಉರುಳಿಬಿಡುತ್ತದೆ. ಹಳೆಯ ಯುನಿಕ್ಸ್ ಮಾದರಿಯ ಕಂಪ್ಯೂಟರ್ ವ್ಯವಸ್ಥೆಗಳು 1970ರ ಜನವರಿ 1ರಿಂದ ಸೆಕೆಂಡು ಎಣಿಸುತ್ತಾ ಬಂದಿವೆ. ಆ ಎಣಿಕೆ ಈ ಸಂಖ್ಯೆ ಮುಟ್ಟೋದು 2038ರ ಜನವರಿ 19ರಂದು, ಮಂಗಳವಾರ, ನಮ್ಮ ಸಮಯ ಬೆಳಿಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡಿಗೆ. ಅಷ್ಟರೊಳಗೆ 64 ಬಿಟ್‌ಗೆ ಬದಲಾಗದ ಯಂತ್ರಗಳಿಗೆ ಮುಂದಿನ ಸೆಕೆಂಡು 1901ರ ಡಿಸೆಂಬರ್ ಆಗಿ ಕಾಣುತ್ತದೆ.

ಇದರಲ್ಲಿ ಒಂದು ಗೊಂದಲ ತುಂಬಾ ಕಡೆ ನೋಡಿದ್ದೇನೆ. ಇದು ಅವಿಭಾಜ್ಯ ಆಗಿದ್ದರಿಂದ ಕಂಪ್ಯೂಟರ್‌ನವರು ಇದನ್ನು ಆರಿಸಿಕೊಂಡರು ಅಂತ ಕೆಲವರು ಅಂದುಕೊಂಡಿರುತ್ತಾರೆ. ಹಾಗಲ್ಲ. 16 ಬಿಟ್‌ನ ಮಿತಿ 32,767, ಅದು 7 × 31 × 151. 64 ಬಿಟ್‌ನ ಮಿತಿ 2⁶³ − 1, 63 ಅನ್ನೋದು ಮೂರರ ಮಗ್ಗಿಯಲ್ಲಿ ಬರುವುದರಿಂದ ಅದು 7ರಿಂದ ಭಾಗವಾಗುತ್ತದೆ. 32 ಬಿಟ್‌ನ ಮಿತಿ ಅವಿಭಾಜ್ಯ ಆಗಿದ್ದು ಅದೃಷ್ಟ ಅಷ್ಟೇ.

ಆದರೆ ಆ ಅದೃಷ್ಟವನ್ನು ಚೆನ್ನಾಗಿ ಬಳಸಿಕೊಂಡ ಒಂದು ಜಾಗ ಇದೆ. ಕಂಪ್ಯೂಟರ್‌ಗೆ ಮನಸ್ಸಿಗೆ ಬಂದ ಸಂಖ್ಯೆ ಹೇಳು ಅಂದರೆ ಹೇಳಲು ಬರುವುದಿಲ್ಲ, ಅದಕ್ಕೆ ಲೆಕ್ಕವೇ ಗತಿ. 1960ರ ದಶಕದ ಕೊನೆಯಲ್ಲಿ ಬಂದು, 1988ರಲ್ಲಿ ಪಾರ್ಕ್ ಮತ್ತು ಮಿಲ್ಲರ್ ಅನ್ನುವ ಕಂಪ್ಯೂಟರ್ ವಿಜ್ಞಾನಿಗಳು ಎಲ್ಲರಿಗೂ ಕನಿಷ್ಠ ಮಟ್ಟ ಇದಾಗಿರಲಿ ಅಂತ ಸೂಚಿಸಿದ ವಿಧಾನ ಹೀಗಿದೆ: ಕೈಯಲ್ಲಿರುವ ಸಂಖ್ಯೆಯನ್ನು 16,807ರಿಂದ ಗುಣಿಸಿ, 2,14,74,83,647ರಿಂದ ಭಾಗಿಸಿ, ಶೇಷ ಇಟ್ಟುಕೊಳ್ಳಿ. 1ರಿಂದ ಹೊರಟರೆ 16,807, ಆಮೇಲೆ 28,24,75,249, ಆಮೇಲೆ 1,62,26,50,073, ಆಮೇಲೆ 98,49,43,658. ಹೊರಗಿನಿಂದ ನೋಡಿದರೆ ಯಾವ ಕ್ರಮವೂ ಕಾಣುವುದಿಲ್ಲ.

ಇಲ್ಲಿ ಮತ್ತೆ ಅದೇ ಸುತ್ತಿನ ಮಾತು. 2ರಿಂದ ಗುಣಿಸುತ್ತಾ ಹೋಗಿದ್ದರೆ 31 ಹೆಜ್ಜೆಗೇ 1ಕ್ಕೆ ವಾಪಸ್ ಬರುತ್ತಿದ್ದೆವು, ಕೆಲಸಕ್ಕೆ ಬಾರದು. 16,807 ಅಂದರೆ 7ರ ಐದನೇ ಘಾತ. ಇದರಿಂದ ಗುಣಿಸುತ್ತಾ ಹೋದರೆ 1ರಿಂದ 2,14,74,83,646ರವರೆಗಿನ ಪ್ರತಿಯೊಂದು ಸಂಖ್ಯೆಯೂ ಒಂದೊಂದೇ ಸಲ ಬಂದು ಹೋಗಿ, ಆಮೇಲೇ 1 ಬರುತ್ತದೆ. ಒಂದೇ ಸುತ್ತು, ಯಾರೂ ಹೊರಗಿಲ್ಲ. ಹೀಗೆ ಎಲ್ಲರನ್ನೂ ಸುತ್ತಿ ಬರುವ ಗುಣಕ ಸಿಕ್ಕೇ ಸಿಗುತ್ತದೆ ಅನ್ನೋ ಭರವಸೆ ಕೊಡೋದು ಅವಿಭಾಜ್ಯ ಗುಣ. 2³¹ನ್ನೇ ಭಾಜಕ ಮಾಡಿಕೊಂಡಿದ್ದ, ಐಬಿಎಂ ಯಂತ್ರಗಳಲ್ಲಿ ತುಂಬಾ ಬಳಕೆಯಲ್ಲಿದ್ದ ರಾಂಡು ಅನ್ನುವ ವಿಧಾನದಲ್ಲಿ ಬೆಸ ಸಂಖ್ಯೆಯಿಂದ ಶುರು ಮಾಡಿದರೆ ಬರೀ ಬೆಸ ಸಂಖ್ಯೆಗಳೇ ಬರುತ್ತಿದ್ದವು. ಪಾಸ್‌ವರ್ಡ್, ಬ್ಯಾಂಕಿನ ಕೆಲಸಗಳಿಗೆ ಮಾತ್ರ 16,807ರ ವಿಧಾನವನ್ನೂ ಬಳಸಬಾರದು, ಒಂದು ಸಂಖ್ಯೆ ಗೊತ್ತಾದರೆ ಮುಂದಿನದನ್ನು ಯಾರು ಬೇಕಾದರೂ ಲೆಕ್ಕ ಹಾಕಬಹುದು.

ಭಾಗಾಕಾರ ಹೇಗೆ ಸುಲಭ ಆಗುತ್ತದೆ ಅನ್ನೋದನ್ನೂ ನೋಡಿಬಿಡಿ, ನನಗೆ ಈ ಸಂಖ್ಯೆಯಲ್ಲಿ ಅತಿ ಇಷ್ಟವಾದ ಜಾಗ ಇದು. 9ರಿಂದ ಭಾಗವಾಗುತ್ತಾ ಅಂತ ನೋಡಲು ಅಂಕಿಗಳನ್ನು ಕೂಡಿಸುತ್ತೇವೆ, ಶಾಲೆಯಲ್ಲೇ ಕಲಿತದ್ದು. ಅದು ನಡೆಯೋದು 10ನ್ನು 9ರಿಂದ ಭಾಗಿಸಿದರೆ 1 ಉಳಿಯುವುದರಿಂದ. ನಮ್ಮಲ್ಲಿ 2³¹ನ್ನು ಭಾಗಿಸಿದರೆ 1 ಉಳಿಯುತ್ತದೆ. ಅದೇ ಉಪಾಯ ಇಲ್ಲೂ ನಡೆಯುತ್ತದೆ. 28,24,75,249ನ್ನು 16,807ರಿಂದ ಗುಣಿಸಿದರೆ 47,47,56,15,09,943. ಇದರಲ್ಲಿ 2³¹ ಎಷ್ಟು ಸಲ ಇದೆ? 2,210 ಸಲ, ಉಳಿದಿದ್ದು 1,62,26,47,863. ಆ 2,210ನ್ನು ಇದಕ್ಕೆ ಕೂಡಿಸಿಬಿಡಿ: 1,62,26,50,073. ಮೇಲಿನ ಸಾಲಿನಲ್ಲಿ ಇದ್ದ ಸಂಖ್ಯೆ ಬಂತು. ದ್ವಿಮಾನದಲ್ಲಿ 2³¹ರಿಂದ ಭಾಗಿಸೋದು ಅಂದರೆ ಬಲಗಡೆಯಿಂದ 31 ಅಂಕಿ ಎಣಿಸಿ ಕತ್ತರಿಸೋದು, ಅಷ್ಟೇ. ಕತ್ತರಿಸಿ, ಎರಡು ತುಂಡನ್ನು ಕೂಡಿಸಿ, ಮುಗಿಯಿತು. ಲ್ಯೂಕಾ ಮತ್ತು ಲೇಮರ್ ಪರೀಕ್ಷೆ ಕೋಟಿಗಟ್ಟಲೆ ಅಂಕಿಗಳ ಮೇಲೂ ಓಡಲು ಇದೂ ಒಂದು ಕಾರಣ.

ಕೊನೆಗೆ ಒಂದು ಆಸೆಯ ಪ್ರಶ್ನೆ. 5 ಅವಿಭಾಜ್ಯ. 2⁵ − 1 = 31, ಅದೂ ಅವಿಭಾಜ್ಯ. 2³¹ − 1 ನಮ್ಮ ಸಂಖ್ಯೆ, ಅದೂ ಅವಿಭಾಜ್ಯ. ಹಾಗಾದರೆ 2,14,74,83,647ನ್ನೇ ಘಾತ ಮಾಡಿಕೊಂಡು ಒಂದು ಕಳೆದರೆ? ಆ ಸಂಖ್ಯೆಯಲ್ಲಿ ಸುಮಾರು 64 ಕೋಟಿ 64 ಲಕ್ಷ ಅಂಕಿಗಳಿರುತ್ತವೆ, 2024ರ ದಾಖಲೆಗಿಂತ ಹದಿನೈದು ಪಟ್ಟಿಗೂ ಹೆಚ್ಚು ಉದ್ದ. ಅದು ಅವಿಭಾಜ್ಯ ಆಗಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು. ಆದರೆ ಸರಪಳಿ ಅಲ್ಲಿ ಕಡಿಯುತ್ತದೆ. 29,52,57,52,66,26,031 ಅದನ್ನು ಸರಿಯಾಗಿ ಭಾಗಿಸುತ್ತದೆ. ಆ 64 ಕೋಟಿ ಅಂಕಿಗಳನ್ನು ಎಲ್ಲೂ ಬರೆಯದೆ ಇಂಥ ಅಪವರ್ತನ ಹುಡುಕಲು ದಾರಿ ಮಾಡಿಕೊಟ್ಟದ್ದು ಆಯ್ಲರ್ ಬಳಸಿದ ಅದೇ ಜರಡಿ: ಘಾತದ ಎರಡರಷ್ಟಿನ ಮಗ್ಗಿಗಿಂತ ಒಂದು ಜಾಸ್ತಿ ಇರಬೇಕು. ಬೇಕಿದ್ದರೆ ನೀವೇ ನೋಡಿ. ಆ ಅಪವರ್ತನದಿಂದ 1 ಕಳೆದು, ನಮ್ಮ ಸಂಖ್ಯೆಯ ಎರಡರಷ್ಟಾದ 4,29,49,67,294ರಿಂದ ಭಾಗಿಸಿ. ಸರಿಯಾಗಿ 68,745 ಬರುತ್ತದೆ, ಶೇಷ ಸೊನ್ನೆ.